ಎರಡು ಊರುಗಳಿಂದ ಒಂದು ಉಲ್ಕೆ

ಇರುಳಿನಲ್ಲಿ ಬೆಳಕಿನ ಗೆರೆಯೊಂದು ಆಕಾಶದಿಂದ ಜಾರಿ ಮರೆಯಾಗುವುದನ್ನು ಕಾಣದವರು ವಿರಳ. ನಕ್ಷತ್ರ ಉದುರಿತೆಂದು ಹಿಂದಿನವರು ಹೇಳುತ್ತಿದ್ದರು. ಮರಳಿನ ಕಣದಷ್ಟೋ ಕಡಲೆಕಾಳಿನಷ್ಟೋ ಇರುವ ಚೂರೊಂದು ಅತಿವೇಗದಿಂದ ವಾಯುಮಂಡಲವನ್ನು ಹೊಕ್ಕು ಉರಿದುಹೋಗುವಾಗ ತೋರುವ ಬೆಳಕೇ ಅದೆಂಬುದು ಈಗ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಆ ಗೆರೆ ಎಷ್ಟು ಎತ್ತರದಲ್ಲಿ ಮೂಡಿತೆಂದು ಕೇಳಿದರೆ ಕಣ್ಣಾರೆ ಕಂಡವರೂ ಹೇಳಲಾರರು; ಒಂದೇ ಸ್ಥಳದಿಂದ ತೆಗೆದ ಛಾಯಾಚಿತ್ರವೂ ಹೇಳಲಾರದು. ಈ ಪ್ರಶ್ನೆಗೆ ಉತ್ತರವನ್ನು ದಾವಣಗೆರೆಯ ಮನೆಯ ಮಾಳಿಗೆಯಿಂದಲೇ ಪಡೆಯುವ ಬಗೆಯನ್ನು ಇಲ್ಲಿ ವಿವರಿಸುವೆವು.

ಈ ಉಪಾಯ ಹೊಸದಲ್ಲ. ೧೭೯೮ ರಲ್ಲಿ ಜರ್ಮನಿಯ ಗಟಿಂಗೆನ್ ನಗರದ ಬ್ರಾಂಡೆಸ್ ಮತ್ತು ಬೆನ್ಜೆನ್‌ಬರ್ಗ್ ಎಂಬ ಇಬ್ಬರು ವಿದ್ಯಾರ್ಥಿಗಳು ಕೆಲವೇ ಮೈಲಿಗಳ ಅಂತರದಲ್ಲಿ ನಿಂತು, ಒಂದೇ ಉಲ್ಕೆಯನ್ನು ಇಬ್ಬರೂ ನೋಡಿ, ನಕ್ಷತ್ರಗಳ ನಡುವೆ ಅದರ ಹಾದಿಯನ್ನು ಗುರುತಿಸಿಕೊಂಡರು. ಛಾಯಾಗ್ರಹಣವು ಆಗ ಇನ್ನೂ ಹುಟ್ಟಿರಲಿಲ್ಲ. ಆದರೂ ಉಲ್ಕೆಗಳು ನೂರು ಕಿಲೋಮೀಟರಿಗೆ ಸಮೀಪವಾದ ಎತ್ತರದಲ್ಲಿ ಬೆಳಗುವುವೆಂದು ಅವರಿಂದ ಲೋಕಕ್ಕೆ ತಿಳಿಯಿತು. ಉಲ್ಕೆಯ ಮೊದಲನೆಯ ಛಾಯಾಚಿತ್ರವನ್ನು ವೈನೆಕ್ ಎಂಬವರು ಪ್ರಾಗ್ ನಗರದಲ್ಲಿ ತೆಗೆದುದು ೧೮೮೫ ನೆಯ ನವೆಂಬರ್ ೨೭ ರಂದು. ಆ ವಿದ್ಯಾರ್ಥಿಗಳು ಕಣ್ಣು ಮತ್ತು ನೆನಪುಗಳಿಂದ ಮಾಡಿದುದನ್ನು ಇಂದಿನ ಹವ್ಯಾಸಿಯು ಕ್ಯಾಮೆರಾದಿಂದ ಇನ್ನಷ್ಟು ನಿಖರವಾಗಿ ಮಾಡಬಲ್ಲನು.

ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವ ದೂರ ಸುಮಾರು ೧೪ ಕಿಲೋಮೀಟರು. ಕೆ.ಬಿ. ಬಡಾವಣೆಯ ಮಾಳಿಗೆಯೊಂದರಲ್ಲಿ ಒಬ್ಬರು, ಹರಿಹರದ ತುಂಗಭದ್ರೆಯ ದಡದಲ್ಲಿ ಇನ್ನೊಬ್ಬರು ಕ್ಯಾಮೆರಾವನ್ನು ನೆತ್ತಿಗೆ ತಿರುಗಿಸಿ ಇಟ್ಟರೆಂದು ಭಾವಿಸೋಣ. ನಕ್ಷತ್ರಗಳು ಎಣಿಕೆಗೆ ಸಿಲುಕದಷ್ಟು ದೂರದಲ್ಲಿರುವುದರಿಂದ ಎರಡು ಚಿತ್ರಗಳಲ್ಲಿಯೂ ಒಂದೇ ಬಗೆಯಾಗಿ ಮೂಡುವುವು. ಉಲ್ಕೆಯಾದರೋ ಸಮೀಪದ್ದು. ದಾವಣಗೆರೆಯಲ್ಲಿ ರೋಹಿಣೀ ನಕ್ಷತ್ರದ ಮಗ್ಗುಲಿನಲ್ಲಿ ಕಂಡ ಗೆರೆ, ಹರಿಹರದ ಚಿತ್ರದಲ್ಲಿ ಪೂರ್ವದ ಕಡೆಗೆ ಸರಿದು ಕಾಣುವುದು. ಮುಖದ ಮುಂದೆ ಬೆರಳೊಂದನ್ನು ಹಿಡಿದು ಎಡಗಣ್ಣು ಬಲಗಣ್ಣುಗಳಿಂದ ಸರದಿಯಾಗಿ ನೋಡಿದರೆ ಬೆರಳು ಗೋಡೆಯ ಮೇಲೆ ಸರಿದಾಡುವಂತೆ ತೋರುವುದಲ್ಲವೆ? ಇಲ್ಲಿ ಎರಡು ಊರುಗಳೇ ಎರಡು ಕಣ್ಣುಗಳು.

ಲೆಕ್ಕವೂ ಸುಲಭ. ಊರುಗಳ ನಡುವಣ ದೂರವನ್ನು ೫೭ ರಿಂದ ಗುಣಿಸಿ, ಗೆರೆಯು ಸರಿದ ಅಂಶಗಳಿಂದ ಭಾಗಿಸಬೇಕು. ಸರಿದುದು ೮ ಅಂಶವಾದರೆ ಎತ್ತರವು ಸುಮಾರು ೧೦೦ ಕಿಲೋಮೀಟರೆಂದಾಯಿತು. ನೆತ್ತಿಯ ಸಮೀಪದ ಉಲ್ಕೆಗೆ ಇಷ್ಟು ಸಾಕು. ಹುಣ್ಣಿಮೆಯ ಚಂದ್ರನ ಅಗಲ ಅರ್ಧ ಅಂಶ ಮಾತ್ರ. ಹದಿನಾರು ಚಂದ್ರರನ್ನು ಸಾಲಾಗಿಟ್ಟಷ್ಟು ದೊಡ್ಡದಾದ ಈ ಪಲ್ಲಟವನ್ನು ಅಳೆಯಲು ನಕ್ಷತ್ರಪಟವೊಂದಿದ್ದರೆ ಸಾಕು.

ಕಾಲವನ್ನು ಆರಿಸುವುದು ಮುಖ್ಯ. ಆಗಸ್ಟಿನ ಉಲ್ಕಾವರ್ಷವನ್ನು ಮಳೆಗಾಲದ ಮೋಡಗಳು ನಮ್ಮಿಂದ ಮರೆಸುವುದೇ ಹೆಚ್ಚು. ಡಿಸೆಂಬರ್ ೧೩–೧೪ ರ ಸುಮಾರಿನಲ್ಲಿ ಮಿಥುನ ರಾಶಿಯಿಂದ ಹೊರಡುವಂತೆ ತೋರುವ ಉಲ್ಕೆಗಳು ನಮಗೆ ಅನುಕೂಲವಾದುವು. ೧೯೮೩ ರಲ್ಲಿ ಕಂಡುಹಿಡಿಯಲಾದ ಫೇಥಾನ್ ಎಂಬ ಕ್ಷುದ್ರಗ್ರಹದ ಧೂಳು ಇವುಗಳ ಮೂಲ. ವೇಗ ಸೆಕೆಂಡಿಗೆ ಸುಮಾರು ೩೫ ಕಿಲೋಮೀಟರು. ಅವುಗಳ ಹೊರಡುಬಿಂದುವು ಪುನರ್ವಸುವಿನ ಬಳಿ ಇದೆ. ಆ ಬಿಂದುವಿನ ಹತ್ತಿರ ಗೆರೆಗಳು ಗಿಡ್ಡವಾಗಿಯೂ ದೂರದಲ್ಲಿ ನೀಳವಾಗಿಯೂ ಕಾಣುವುವು. ಆದುದರಿಂದ ಅದು ಇನ್ನೂ ಈಶಾನ್ಯದಲ್ಲಿರುವ ಹನ್ನೊಂದರಿಂದ ಒಂದು ಗಂಟೆಯವರೆಗಿನ ಕಾಲವು ಉತ್ತಮ. ಆ ದಿನಗಳಲ್ಲಿ ಹನ್ನೊಂದೂವರೆಯ ಹೊತ್ತಿಗೆ ರೋಹಿಣಿಯು ದಾವಣಗೆರೆಯ ನೆತ್ತಿಯ ಮೇಲೆಯೇ ಇರುವುದು.

ಇನ್ನು ಉಪಕರಣದ ಮಾತು. ಅಗಲವಾದ ನೋಟವುಳ್ಳ ಮಸೂರ, ಅಲುಗದ ಮುಕ್ಕಾಲಿ, ತುಂಬಿದ ಬ್ಯಾಟರಿಗಳು—ಇಷ್ಟಿದ್ದರೆ ಸಾಕು. ಸ್ವಯಂಚಾಲಿತ ಫೋಕಸನ್ನು ನಿಲ್ಲಿಸಿ, ಪ್ರಕಾಶವಾದ ನಕ್ಷತ್ರವೊಂದು ಚುಕ್ಕೆಯಾಗುವವರೆಗೆ ಕೈಯಿಂದಲೇ ಹೊಂದಿಸತಕ್ಕದ್ದು. ಷಟರನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಉಲ್ಕೆ ಹೆಚ್ಚು ಸ್ಪಷ್ಟವಾಗುವುದೆಂದು ಹಲವರು ಎಣಿಸುವರು. ಹಾಗಾಗದು. ಉಲ್ಕೆಯ ಬಾಳು ಸಾಮಾನ್ಯವಾಗಿ ಒಂದು ಸೆಕೆಂಡಿಗೂ ಕಡಿಮೆ. ಅನಂತರ ತೆರೆದಿಟ್ಟ ಪ್ರತಿಕ್ಷಣವೂ ಊರಿನ ದೀಪಗಳ ಮಬ್ಬನ್ನು ಹೆಚ್ಚಿಸುವುದೇ ಹೊರತು ಉಲ್ಕೆಗೆ ಏನನ್ನೂ ಕೊಡದು. ಮಸೂರದ ದ್ವಾರವನ್ನು ಎಫ್ ೨.೮ ರಷ್ಟು ಅಗಲವಾಗಿ ತೆರೆದು, ಐ.ಎಸ್.ಓ. ೧೬೦೦ ಕ್ಕೆ ಇಟ್ಟು, ಹತ್ತು ಹದಿನೈದು ಸೆಕೆಂಡುಗಳ ಚಿತ್ರಗಳನ್ನು ಎಡೆಬಿಡದೆ ತೆಗೆಯುತ್ತ ಹೋಗಬೇಕು. ಉಲ್ಕೆಯನ್ನು ಕಂಡು ಗುಂಡಿಯೊತ್ತುವಷ್ಟರಲ್ಲಿ ಅದು ಹೋಗಿರುವುದು. ಬಲೆಯನ್ನು ಮೊದಲೇ ಹರವಿ ಕಾಯುವ ಬೆಸ್ತನ ತಾಳ್ಮೆ ಇಲ್ಲಿ ಬೇಕು. ಇಬ್ಬನಿಯು ಮಸೂರದ ಮೇಲೆ ಕೂರದಂತೆ ಆಗಾಗ ನೋಡಿಕೊಳ್ಳುವುದೂ ಅವಶ್ಯ.

ಎರಡು ಕ್ಯಾಮೆರಾಗಳ ಗಡಿಯಾರಗಳನ್ನು ಸೆಕೆಂಡಿನವರೆಗೆ ಸರಿಹೊಂದಿಸಿರುವುದು ಎಲ್ಲಕ್ಕಿಂತ ಮುಖ್ಯ. ವೇಳೆಯಿಲ್ಲದ ಚಿತ್ರವು ನೋಡಲು ಚೆಲುವಾಗಿರಬಹುದು, ಆದರೆ ಸಾಕ್ಷಿ ಹೇಳಲಾರದು. ವೇಳೆಯೊಡನೆ ಹೋಲಿಸಿದಾಗ ಹುಸಿ ಉಲ್ಕೆಗಳೂ ಸಿಕ್ಕಿಬೀಳುವುವು. ೧೦ ಕಿಲೋಮೀಟರು ಎತ್ತರದ ವಿಮಾನವು ಎರಡನೆಯ ಊರಿನಿಂದ ೫೦ ಅಂಶಕ್ಕೂ ಮಿಗಿಲಾಗಿ ಸರಿದಿರುವುದು. ೫೦೦ ಕಿಲೋಮೀಟರು ಎತ್ತರದ ಕೃತಕ ಉಪಗ್ರಹವು ಎರಡು ಅಂಶವೂ ಸರಿಯದು.

ಬೀದಿಯ ದೀಪಗಳಿಂದ ಬಡಾವಣೆಯ ಆಕಾಶವು ಬೆಳ್ಳಗಾಗಿರುವುದು ನಿಜ. ಮಂದವಾದ ಉಲ್ಕೆಗಳು ಅಲ್ಲಿ ಕಾಣವು. ಅವನ್ನು ಬಯಸುವವರು ಕೊಂಡಜ್ಜಿಯ ಕೆರೆಯ ಕಡೆಗೆ ಹೋಗುವುದು ಲೇಸು. ಎತ್ತರವನ್ನು ಅಳೆಯುವವರಿಗಾದರೋ ಪ್ರಕಾಶವಾದ ಒಂದೇ ಉಲ್ಕೆ ಸಾಕು, ಅದು ಎರಡೂ ಚಿತ್ರಗಳಲ್ಲಿ ಬಿದ್ದಿದ್ದರೆ. ಒಮ್ಮೆ ಉರಿದ ಚೂರು ಮತ್ತೆ ಬಾರದು. ಅದು ಎಲ್ಲಿ, ಯಾವಾಗ, ಎಷ್ಟೆತ್ತರದಲ್ಲಿ ಉರಿಯಿತೆಂಬುದು ಇಬ್ಬರು ಗೆಳೆಯರು ಮೊದಲೇ ಮಾತಾಡಿಕೊಂಡು ಎಚ್ಚರವಾಗಿದ್ದರೆ ಉಳಿಯುವುದು, ಇಲ್ಲವಾದರೆ ಅದರೊಡನೆಯೇ ಅಳಿಯುವುದು.