ಮೇಲ್ ಸರ್ವರಿಗೆ ಸಾಲು ಸಾಣಿಗೆ

ಸ್ಪ್ಯಾಮ್ ಮತ್ತು ವೈರಸ್ ತಡೆಯುವ ವ್ಯವಸ್ಥೆಯಲ್ಲಿ ಮೊದಲು ಗೊತ್ತುಮಾಡಬೇಕಾದದ್ದು ತಪಾಸಣೆಗಳ ಕ್ರಮ. ಬೈಲಹೊಂಗಲದ ಹತ್ತಿ ವ್ಯಾಪಾರಿಯಾಗಲಿ, ರಾಮದುರ್ಗದ ನೇಕಾರರ ಸಂಘವಾಗಲಿ, ಸವದತ್ತಿ ಅಥವಾ ಕಿತ್ತೂರಿನ ಕಾಲೇಜಾಗಲಿ ಸ್ವಂತ ಡೊಮೇನ್‌ನಲ್ಲಿ ಮೇಲ್ ನಡೆಸುವುದಾದರೆ ಕೈಗೆಟುಕುವುದು ಬಾಡಿಗೆಯ ಸಣ್ಣ ಸರ್ವರ್. ವೈರಸ್ ಹುಡುಕುವ ಕ್ಲ್ಯಾಮ್‌ಎವಿ ಒಂದೇ 1 ಜಿಬಿಗಿಂತ ಹೆಚ್ಚು ಮೆಮೊರಿ ಕಬಳಿಸುತ್ತದೆ. ಆದ್ದರಿಂದ ದಪ್ಪ ಕಣ್ಣಿನ ಸಾಣಿಗೆ ಮೊದಲು, ಸಣ್ಣ ಕಣ್ಣಿನದು ಆಮೇಲೆ.

ಮೊದಲ ತಡೆ ಪತ್ರ ಸ್ವೀಕರಿಸುವ ತಂತ್ರಾಂಶವಾದ ಪೋಸ್ಟ್‌ಫಿಕ್ಸ್‌ನಲ್ಲೇ. ಕಳುಹಿಸುತ್ತಿರುವ ಯಂತ್ರದ ಐಪಿ ವಿಳಾಸ ಸ್ಪ್ಯಾಮ್‌ಹೌಸ್‌ನ ಕಪ್ಪುಪಟ್ಟಿಯಲ್ಲಿದ್ದರೆ, ಪತ್ರದ ಒಡಲು ಬರುವ ಮುನ್ನವೇ ನಿರಾಕರಿಸಬಹುದು. ಈ ವಿಚಾರಣೆ ಗೂಗಲ್‌ನಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಹೋಗಬಾರದು. ಸ್ಪ್ಯಾಮ್‌ಹೌಸ್ ಅದಕ್ಕೆ ದೋಷಸಂಕೇತ ಮರಳಿಸುತ್ತದೆ, ಅದನ್ನೇ ‘ಪಟ್ಟಿಯಲ್ಲಿದೆ’ ಎಂದು ಓದುವ ಸರ್ವರ್ ಒಳ್ಳೆಯ ಪತ್ರಗಳನ್ನೂ ಹಿಂದಟ್ಟುತ್ತದೆ. ಅನ್‌ಬೌಂಡ್‌ನಂಥ ಸ್ಥಳೀಯ ರಿಸಾಲ್ವರ್ ಇದಕ್ಕೆ ಪರಿಹಾರ. 2003ರಲ್ಲಿ ಇವಾನ್ ಹ್ಯಾರಿಸ್ ಮುಂದಿಟ್ಟ ಗ್ರೇಲಿಸ್ಟಿಂಗ್ ಅಪರಿಚಿತರನ್ನು ‘ಆಮೇಲೆ ಬಾ’ ಎಂದು ಕಳಿಸುತ್ತದೆ. ಸರಿಯಾದ ಸರ್ವರ್ ಮತ್ತೆ ಬರುತ್ತದೆ, ಸ್ಪ್ಯಾಮ್ ಕಳಿಸುವ ಎಷ್ಟೋ ಯಂತ್ರಗಳು ಬರುವುದಿಲ್ಲ. ಮೇಲ್‌ನಲ್ಲಿ ಬರುವ ಒಟಿಪಿಗೆ ಕಾಯುವ ಕಚೇರಿಗೆ ಇದು ಕಿರಿಕಿರಿ. ಅಲ್ಲಿ ಬಿಟ್ಟುಬಿಡುವುದೇ ಲೇಸು.

ಮುಂದಿನ ತಪಾಸಣೆಗಳಾದ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಳುಹಿಸಿದ ಡೊಮೇನ್ ನಿಜವೇ ಎಂದಷ್ಟೇ ನೋಡುತ್ತವೆ. ವಂಚಕ ತನ್ನ ಹೊಸ ಡೊಮೇನ್‌ಗೆ ಇವನ್ನೆಲ್ಲ ಸರಿಯಾಗಿಯೇ ಹಾಕಿಕೊಂಡಿರಬಹುದು.

ಒಡಲನ್ನು ಓದುವುದು ಸ್ಪ್ಯಾಮ್‌ಅಸ್ಯಾಸಿನ್. ನೂರಾರು ನಿಯಮಗಳ ಅಂಕ ಕೂಡಿ 5 ಮುಟ್ಟಿದರೆ ಅದರ ಲೆಕ್ಕದಲ್ಲಿ ಸ್ಪ್ಯಾಮ್. ಅಳತೆಯ ನಿಯಮಗಳು ಬಹುಪಾಲು ಇಂಗ್ಲಿಷ್ ಪತ್ರಗಳನ್ನು ನೋಡಿ ಹೆಣೆದವು. ಕನ್ನಡದ ಕೆಲಸ ಬೇಯ್ಸ್ ಕಲಿಕೆಯ ಮೇಲೆ ಬೀಳುತ್ತದೆ. ಅದು ಪದಗಳನ್ನು ಎಣಿಸುತ್ತದೆ, ವಿಭಕ್ತಿ ಅದಕ್ಕೆ ಗೊತ್ತಿಲ್ಲ: ಸಾಲ, ಸಾಲದ, ಸಾಲಕ್ಕೆ, ಸಾಲವನ್ನು ಎಲ್ಲ ಬೇರೆಬೇರೆ ಪದಗಳೇ. ಹಾಗಾಗಿ ಕನ್ನಡಕ್ಕೆ ಹೆಚ್ಚು ಮಾದರಿ ಬೇಕು. ತಲಾ 200 ಒಳ್ಳೆಯ ಹಾಗೂ ಕೆಟ್ಟ ಪತ್ರ ಕಲಿಯುವವರೆಗೆ ಅದು ಬಾಯಿಯನ್ನೇ ಬಿಡುವುದಿಲ್ಲ. ಈ ಮಾದರಿಗಳು ಕಚೇರಿಯ ಸ್ವಂತ ಪೆಟ್ಟಿಗೆಯವೇ ಆಗಬೇಕು. ಬೇರೆಯವರ ರಾಶಿಯಿಂದ ಕಲಿತದ್ದು ಹತ್ತಿ ದರದ ಪಟ್ಟಿಯನ್ನು ಜಾಹೀರಾತೆಂದೇ ತಿಳಿದೀತು. ಯೂನಿಕೋಡ್ ಬರುವ ಮುಂಚಿನ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಪತ್ರಗಳ ಕಥೆ ಬೇರೆ. ಅವುಗಳಲ್ಲಿ ಕನ್ನಡ ಅಕ್ಷರಗಳು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಶೋಧಕಕ್ಕೆ ಕಾಣುವುದು ಅರ್ಥವಿಲ್ಲದ ಐರೋಪ್ಯ ಅಕ್ಷರಗಳ ರಾಶಿ. ಇಂಥ ಪತ್ರ ಕಳಿಸುವ ಕಚೇರಿಗಳನ್ನು ವಿನಾಯಿತಿ ಪಟ್ಟಿಗೆ ಸೇರಿಸುವುದು ಒಳ್ಳೆಯದು.

ಕೊನೆಯಲ್ಲಿ, ಪತ್ರವನ್ನು ತಪಾಸಕಕ್ಕೆ ದಾಟಿಸುವ ಅಮಾವಿಸ್ ಮೂಲಕ ಕ್ಲ್ಯಾಮ್‌ಎವಿ. ಅದರ ವೈರಸ್ ಗುರುತುಗಳು ಹಳೆಯವಾದರೆ ಕಾವಲು ಹೆಸರಿಗಷ್ಟೇ. ಅವನ್ನು ಹೊಸದಾಗಿಸುವ ಫ್ರೆಶ್‌ಕ್ಲ್ಯಾಮ್ ನಿತ್ಯ ಓಡಬೇಕು. ಪಾಸ್‌ವರ್ಡ್ ಹಾಕಿದ ಜಿಪ್ ಒಳಗೆ ಕ್ಲ್ಯಾಮ್‌ಎವಿ ಇಣುಕಲಾರದು. ಮೇ 2000ರ ‘ಐ ಲವ್ ಯೂ’ ಹುಳು ಬಂದದ್ದು ‘.ವಿಬಿಎಸ್’ ಕಡತವಾಗಿ, ಅಂಥ ಕಡತ, ‘.ಇಎಕ್ಸ್‌ಇ’, ‘.ಜೆಎಸ್’ಗಳನ್ನು ವೈರಸ್ ಇರಲಿ ಬಿಡಲಿ ಹೆಸರು ನೋಡಿಯೇ ತಡೆಯಬೇಕು.

ನಿರಾಕರಣೆ ಸಂಪರ್ಕ ಜೀವಂತವಿರುವಾಗಲೇ ಆಗಬೇಕು. ಒಮ್ಮೆ ಸ್ವೀಕರಿಸಿ ಆಮೇಲೆ ಮರಳಿ ಕಳಿಸಿದರೆ ಅದು ಸುಳ್ಳು ವಿಳಾಸದ ಅಮಾಯಕರ ಪೆಟ್ಟಿಗೆಗೆ ಬೀಳುತ್ತದೆ. ಸಂದೇಹದ ಪತ್ರವನ್ನು ಗುರುತು ಹಾಕಿ ಜಂಕ್ ಫೋಲ್ಡರಿಗೆ ಬಿಟ್ಟರೆ ಸಾಕು. ಎಲ್ಲ ಜೋಡಿಸಿದ ಮೇಲೆ ಪರೀಕ್ಷೆಗೆ ಎರಡು ನಿರುಪದ್ರವಿ ಸಾಲುಗಳಿವೆ: ಸ್ಪ್ಯಾಮ್‌ಅಸ್ಯಾಸಿನ್‌ನಿಂದ 1000 ಅಂಕ ಪಡೆಯುವ ಜಿಟ್ಯೂಬ್, ಆ್ಯಂಟಿವೈರಸ್‌ಗೆ 68 ಅಕ್ಷರದ ಐಕಾರ್. ಎರಡೂ ಹೊರಗಿನ ಖಾತೆಯಿಂದ ಕಳಿಸಿದಾಗ ಲಾಗ್‌ನಲ್ಲಿ ಕಾಣದಿದ್ದರೆ, ಯಾವುದೋ ಪದರ ಜೋಡಣೆಯಾಗಿಲ್ಲ.