ದಿಲ್ಲಿಗೆ ಬಂದ ನೆಂಟರಿಗೆ ಏನು ತೋರಿಸೋಣ?

ದಿಲ್ಲಿಯಲ್ಲಿ ಸಂಸಾರ ಹೂಡಿರುವ ಕನ್ನಡಿಗನ ಮನೆಗೆ ದಸರೆಯಿಂದ ಹೋಳಿಯವರೆಗೆ ನೆಂಟರ ಕಾಲ. ರಜೆಯ ಪ್ರಯಾಣ ಭತ್ಯೆ ಪಡೆದು ಬರುವ ಭಾವನವರು, ಕಾಶಿಯ ದಾರಿಯಲ್ಲಿ ಇಳಿಯುವ ಅತ್ತೆಯವರು, ಸಂದರ್ಶನಕ್ಕೆಂದು ಬರುವ ಹುಡುಗರು, ಎಲ್ಲರಿಗೂ ನಾವು ತೋರಿಸುವುದು ಒಂದೇ ದಿಲ್ಲಿ. ಬೆಳಿಗ್ಗೆ ಕುತುಬ್ ಮಿನಾರು, ಮಧ್ಯಾಹ್ನ ಕೆಂಪುಕೋಟೆ, ಸಂಜೆ ಕರೋಲ್ ಬಾಗಿನಲ್ಲಿ ಸ್ವೆಟರು, ಮರುದಿನ ಆಗ್ರಾ. ಊಟಕ್ಕೆ ಮನೆಯ ಸಾರನ್ನ, ತಪ್ಪಿದರೆ ದೋಸೆಯ ಹೋಟಲು. ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿ ಪ್ರಯಾಣ ಮಾಡಿದವರು ಕಲ್ಲು ನೋಡಿ, ದೋಸೆ ತಿಂದು ಹಿಂತಿರುಗುತ್ತಾರೆ. ವಯಸ್ಸಾದವರು ಇನ್ನೊಮ್ಮೆ ಬರುವುದಂತೂ ಅನುಮಾನ. ಅವರ ಎರಡು ದಿನಗಳನ್ನು ಹೀಗೆ ಮುಗಿಸಿಬಿಡುವುದು ನ್ಯಾಯವೇ?

ಮೊದಲು ಹೊಟ್ಟೆಯ ವಿಚಾರ. ಬೆಳಿಗ್ಗೆ ಮೆಟ್ರೋ ಹಿಡಿದು ಚಾಂದನಿ ಚೌಕದಲ್ಲಿ ಇಳಿಯಿರಿ. ಹಳೆಯ ದಿಲ್ಲಿಯ ನಿಜವಾದ ಫಲಾಹಾರ ಬೇಡ್ಮಿ ಪೂರಿ: ಗೋಧಿಹಿಟ್ಟಿನೊಳಗೆ ರುಬ್ಬಿದ ಉದ್ದಿನ ಬೇಳೆಯ ಹೂರಣ, ಪಕ್ಕದಲ್ಲಿ ಖಾರವಾದ ಆಲೂಗಡ್ಡೆ ರಸ. ನನ್ನ ಸೋದರಮಾವನವರಿಗೆ ಉತ್ತರದ ತಿಂಡಿಯೆಂದರೆ ಗುಮಾನಿ. ಒಳಗಿರುವುದು ನಮ್ಮ ಉದ್ದೇ ಎಂದು ತಿಳಿದ ಮೇಲೆ ಮೂರನೆಯದನ್ನೂ ಬೇಡವೆನ್ನಲಿಲ್ಲ! ಇದರ ಜೊತೆಗಾರ ನಾಗೋರಿ. ರವೆಯ ಗರಿಗರಿ ಪುಟ್ಟ ಪೂರಿ. ಅದನ್ನು ಮುರಿದು ಸಜ್ಜಿಗೆಯ ಹಲ್ವಾದೊಡನೆ ತಿನ್ನಬೇಕು. ಮಡಿವಂತ ಹಿರಿಯರಿದ್ದರೆ ಪರಾಠೆವಾಲಿ ಗಲ್ಲಿ ಉಂಟು. ಅಲ್ಲಿನ ಹಳೆಯ ಅಂಗಡಿಗಳ ಸಂಪ್ರದಾಯದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಸೇರುವುದಿಲ್ಲ. ಆದರೆ ಪರಾಠೆಯನ್ನು ಬೇಯಿಸುವುದಲ್ಲ, ಬಾಣಲೆಯಲ್ಲಿ ಕರಿಯುವುದು. ಒಂದಕ್ಕೇ ನಿಲ್ಲುವುದು ಕ್ಷೇಮ.

ಚಳಿಗಾಲವಾದರೆ ಕಿನಾರಿ ಬಜಾರಿನ ಕಡೆ ‘ದೌಲತ್ ಕೀ ಚಾಟ್’ ಹುಡುಕಿ. ಹೆಸರು ಕೇಳಿ ಖಾರವೆಂದುಕೊಳ್ಳಬೇಡಿ. ಚಳಿಯ ರಾತ್ರಿಯಲ್ಲಿ ಇಟ್ಟ ಹಾಲನ್ನು ಕಡೆದು ತೆಗೆದ ನೊರೆ, ಮೇಲೆ ಕೇಸರಿ, ಖೋವಾ, ಸಕ್ಕರೆ. ನಾಲಗೆಯ ಮೇಲೆ ಇತ್ತೋ ಇಲ್ಲವೋ ಎನ್ನುವಷ್ಟರಲ್ಲಿ ಮಾಯ. ಬಿಸಿಲು ತಡೆಯದ ಪದಾರ್ಥ. ಬೇಸಿಗೆಯಲ್ಲಿ ಬಂದವರಿಗೆ ಇದರ ಯೋಗವಿಲ್ಲ.

ಸಂಗೀತಕ್ಕೆ ಗುರುವಾರದ ಸಂಜೆ ಒಳ್ಳೆಯದು. ನಿಜಾಮುದ್ದೀನ್ ಔಲಿಯಾರ ದರ್ಗಾದ ಅಂಗಳದಲ್ಲಿ ಕವ್ವಾಲಿ. ಟಿಕೆಟಿಲ್ಲ, ತಲೆಗೆ ವಸ್ತ್ರವಿದ್ದರೆ ಸಾಕು. ಹೆಂಗಸರಿಗೆ ಗರ್ಭಗೃಹದೊಳಗೆ ಪ್ರವೇಶವಿಲ್ಲ, ಅಂಗಳದಲ್ಲಿ ಕೂರಬಹುದು. ಗುರು ನಿಜಾಮುದ್ದೀನ್, ಶಿಷ್ಯ ಅಮೀರ್ ಖುಸ್ರೋ ಇಬ್ಬರೂ 1325ರಲ್ಲೇ ತೀರಿಕೊಂಡರು. ಸಮಾಧಿಗಳೂ ಹತ್ತಿರ ಹತ್ತಿರ. ನಮ್ಮೂರ ಭಜನೆಯಂತೆಯೇ ಇಲ್ಲಿಯೂ ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಚಪ್ಪಾಳೆಯೊಡನೆ ಹಿಡಿಯುತ್ತಾರೆ. ಭಾಷೆ ತಿಳಿಯದ ಅತ್ತೆಯವರಿಗೂ ತಾಳ ತಿಳಿಯುತ್ತದೆ.

ಈ ಊರಿನ ಸಂಗೀತವನ್ನು ನಾವು ಪರಕೀಯವೆನ್ನುವಂತೆಯೂ ಇಲ್ಲ. ಗದುಗಿನ ಹನ್ನೊಂದು ವರ್ಷದ ಹುಡುಗನೊಬ್ಬ 1933ರಲ್ಲಿ ಗುರುವನ್ನು ಅರಸಿ ಮನೆ ಬಿಟ್ಟು, ಗ್ವಾಲಿಯರ್, ದಿಲ್ಲಿ, ಲಖನೌ, ರಾಂಪುರವೆಂದು ಅಲೆದ. ಅವನೇ ಮುಂದೆ ಭಾರತರತ್ನರಾದ ಭೀಮಸೇನ ಜೋಶಿ. ಅಂದು ಅವನನ್ನು ಮಂಡಿ ಹೌಸಿಗೆ ಕರೆದೊಯ್ಯುವ ನೆಂಟರಾರೂ ಇರಲಿಲ್ಲ. ಈಗ ಅಲ್ಲಿ ಕೂಗಳತೆಯಲ್ಲಿ 1952ರ ಶ್ರೀರಾಮ ಭಾರತೀಯ ಕಲಾಕೇಂದ್ರ, 1971ರ ಕಮಾನಿ ಸಭಾಂಗಣ, ರವೀಂದ್ರ ಭವನ, ರಾಷ್ಟ್ರೀಯ ನಾಟಕ ಶಾಲೆ ಎಲ್ಲವೂ ಇವೆ. ಅನೇಕ ಕಾರ್ಯಕ್ರಮಗಳಿಗೆ ಹಣ ಕೊಡಬೇಕಾಗಿಲ್ಲ. ಗುಮಾಸ್ತನ ಜೇಬಿಗೆ ಇದೂ ಹಿತವೇ.

ನೆಂಟರಲ್ಲಿ ಓದುವ ಹವ್ಯಾಸದವರಿದ್ದರೆ ಪುರಾನಾ ಕಿಲಾ ಬಿಡಬೇಡಿ. ಗಿರೀಶ ಕಾರ್ನಾಡರು 1964ರಲ್ಲಿ ಕನ್ನಡದಲ್ಲಿ ಬರೆದ ‘ತುಘಲಕ್’ ನಾಟಕವನ್ನು ಬಿ. ವಿ. ಕಾರಂತರು ಹಿಂದೂಸ್ತಾನಿಗೆ ತಂದರು. ಅದನ್ನು ಇಬ್ರಾಹಿಂ ಅಲ್ಕಾಜಿಯವರು 1970ರ ದಶಕದಲ್ಲಿ ಈ ಕೋಟೆಯ ಗೋಡೆಗಳ ನಡುವೆಯೇ ಆಡಿಸಿದರು. ದಿಲ್ಲಿಯ ಸುಲ್ತಾನನ ಕಥೆಯನ್ನು ದಿಲ್ಲಿಯವರು ಕನ್ನಡಿಗನಿಂದ ಕೇಳಿದರು! ಸೋಮವಾರ ಕೆಂಪುಕೋಟೆಗೆ ಹೇಗೂ ರಜೆ. ಆ ದಿನ ಬುತ್ತಿ ಕಟ್ಟಿಕೊಂಡು ಇತ್ತ ಬನ್ನಿ. ಸ್ವೆಟರಿಗೆ ಭಾವನವರು ಒಬ್ಬರೇ ಹೋಗಲಿ.