ನಾಳೆಯನ್ನು ಲೆಕ್ಕ ಹಾಕುವವರು, ಆ ಲೆಕ್ಕವನ್ನು ತೂಗುವವರು

ನೆದರ್ಲೆಂಡ್ಸ್ ದೇಶದಲ್ಲಿ, ಉತ್ತರ ಸಮುದ್ರದ ತೀರಕ್ಕೆ ಸಮೀಪವಾಗಿ, ಹೂಗಡ್ಡೆಗಳ ಬೇಸಾಯಕ್ಕೆ ಹೆಸರಾದ ಬಯಲಿನಲ್ಲಿ ನೋರ್ಡ್‌ವೈಕರ್‌ಹೌಟ್ ಎಂಬ ಸಣ್ಣ ಊರೊಂದುಂಟು. 2007ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ ನೂರಕ್ಕೂ ಮಿಕ್ಕ ತಜ್ಞರು ಆ ಊರಿನಲ್ಲಿ ಕಲೆತರು. ವಾಯುಮಂಡಲದ ಚಲನೆಯನ್ನು ಗಣಿಸುವವರು, ಇಂಧನ ಮತ್ತು ಅರ್ಥವ್ಯವಸ್ಥೆಗಳ ಲೆಕ್ಕವನ್ನು ಬಲ್ಲವರು, ಬೆಳೆ ನೀರು ಕರಾವಳಿಗಳ ಮೇಲೆ ತಾಪದ ಪರಿಣಾಮವನ್ನು ಅಳೆಯುವವರು, ಅದುವರೆಗೆ ತಮ್ಮ ತಮ್ಮ ಕೋಣೆಗಳಲ್ಲಿ ಬೇರೆ ಬೇರೆಯಾಗಿ ದುಡಿಯುತ್ತಿದ್ದ ಇವರೆಲ್ಲ ಮೂರು ದಿವಸ ಒಟ್ಟಿಗೆ ಕುಳಿತು ಚರ್ಚಿಸಿ, ಈ ಶತಮಾನದ ಕೊನೆಯವರೆಗೆ ಭೂಮಿಯು ಹಿಡಿಯಬಹುದಾದ ದಾರಿಗಳಲ್ಲಿ ನಾಲ್ಕನ್ನು ಆರಿಸುವ ಕಾರ್ಯಕ್ಕೆ ತೊಡಗಿದರು. ಶತಮಾನಾಂತ್ಯಕ್ಕೆ ತಾಪ ಇಷ್ಟು ಏರೀತು, ಮುಂಗಾರಿನ ಮಳೆ ಹೀಗೆ ವ್ಯತ್ಯಾಸವಾದೀತು ಎಂದು ಇಂದು ನಮ್ಮ ವೃತ್ತಪತ್ರಿಕೆಗಳಲ್ಲಿ ಓದುವ ಮಾತುಗಳಲ್ಲಿ ಬಹಳಷ್ಟು ಆ ಆಯ್ಕೆಗೆ ಋಣಿಯಾಗಿವೆ.

ವಿಜ್ಞಾನಿಗಳು ಸಿನಾರಿಯೊ ಎಂದು ಕರೆಯುವ ಈ ಭವಿಷ್ಯಚಿತ್ರಗಳು ಕಾಲಜ್ಞಾನವಲ್ಲ. ಜನಸಂಖ್ಯೆ ಹೀಗೆ ಬೆಳೆದು, ಆದಾಯ ಹೀಗೆ ಏರಿ, ಕಲ್ಲಿದ್ದಲಿನ ಬೆಲೆ ಹೀಗಿದ್ದು, ಸೌರವಿದ್ಯುತ್ತು ಇಷ್ಟು ಅಗ್ಗವಾಗಿ, ಕಾಡು ಇಷ್ಟು ಉಳಿದರೆ, ವಾಯುಮಂಡಲಕ್ಕೆ ಸೇರುವ ಇಂಗಾಲದ ಡೈಆಕ್ಸೈಡ್ ಎಷ್ಟಾದೀತು ಎಂಬ ‘ಹೀಗಾದರೆ ಹೀಗೆ’ಯ ತರ್ಕವನ್ನು ಗಣಿತದ ಸಮೀಕರಣಗಳಲ್ಲಿ ಕಟ್ಟಿ, ಗಣಕಯಂತ್ರದ ಮೂಲಕ ಕಾಲದ ಹಂತಹಂತಕ್ಕೂ ಬಿಡಿಸಿ ಬರೆದ ಲೆಕ್ಕವೇ ಭವಿಷ್ಯಚಿತ್ರ. ತೆರಿಗೆಯಿಂದಲೋ ಕಟ್ಟಳೆಯಿಂದಲೋ ಹೊಗೆಯನ್ನು ತಗ್ಗಿಸುವ ಪ್ರಯತ್ನವನ್ನೂ ಆ ಲೆಕ್ಕದಲ್ಲಿ ಸೇರಿಸಿದರೆ ಅದು ಉಪಶಮನದ ಚಿತ್ರವಾಗುತ್ತದೆ. ಇವನ್ನು ರಚಿಸುವವರು ಮಾದರಿಕಾರರು; ಪರಿಶೀಲಿಸಿ ಸರ್ಕಾರಗಳ ಮುಂದಿಡುವುದು ಐಪಿಸಿಸಿ ಎಂದು ಹೆಸರಾದ ಅಂತರಸರ್ಕಾರಿ ಸಮಿತಿ. ಇವರಿಬ್ಬರ ನಡುವಣ ಸಂಬಂಧ ಹೇಗಿರತಕ್ಕದ್ದು ಎಂಬ ಪ್ರಶ್ನೆ ನೋಡಲು ಕಚೇರಿಯ ವ್ಯವಹಾರದಂತೆ ತೋರಿದರೂ, ಲೋಕವು ಯಾವ ನಾಳೆಯನ್ನು ಸಾಧ್ಯವೆಂದು ನಂಬುತ್ತದೆ ಎಂಬುದು ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ.

ವಿಶ್ವ ಪವನವಿಜ್ಞಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಇವೆರಡೂ ಸೇರಿ 1988ರಲ್ಲಿ ಸ್ಥಾಪಿಸಿದ ಈ ಸಮಿತಿ ತಾನಾಗಿ ಸಂಶೋಧನೆ ನಡೆಸುವುದಿಲ್ಲ. ಪ್ರಕಟವಾದ ಸಂಶೋಧನೆಗಳನ್ನು ಓದಿ, ತೂಗಿ, ಸಾರವನ್ನು ತಿಳಿಸುವುದಷ್ಟೇ ಅದರ ಧರ್ಮ. ಆದರೆ ಭವಿಷ್ಯಚಿತ್ರಗಳ ವಿಷಯದಲ್ಲಿ ಮಾತ್ರ ಅದು ಮೊದಮೊದಲು ಈ ನಿಯಮವನ್ನು ಮೀರಿತ್ತು. 1992ರಲ್ಲಿ ಆರು ಚಿತ್ರಗಳನ್ನು ತಾನೇ ಬರೆಸಿತು. ಬಳಿಕ ನೆಬೋಯ್ಶಾ ನಾಕಿಚೆನೊವಿಚ್ ಅವರ ಮುಂದಾಳುತನದಲ್ಲಿ ಆರು ಮಾದರಿ ತಂಡಗಳಿಂದ 40 ಚಿತ್ರಗಳನ್ನು ರಚಿಸಿ, 2000ದಲ್ಲಿ ವಿಶೇಷ ವರದಿಯಾಗಿ ಹೊರತಂದಿತು. ಹವಾಮಾನಕ್ಕೆಂದೇ ಕೈಗೊಳ್ಳುವ ಯಾವ ನೀತಿಯನ್ನೂ ಅವುಗಳಲ್ಲಿ ಸೇರಿಸಕೂಡದೆಂಬ ಕಟ್ಟು ಇದ್ದುದರಿಂದ, ಉಪಶಮನದ ಪ್ರಶ್ನೆಯೇ ಆ ನಲವತ್ತರಿಂದ ಹೊರಗುಳಿಯಿತು. ಮೇಲಾಗಿ, ಬಡ ದೇಶಗಳ ಆದಾಯವನ್ನು ಜನರ ಕೊಳ್ಳುವ ಶಕ್ತಿಯಿಂದ ಅಳೆಯದೆ ಪೇಟೆಯ ವಿನಿಮಯ ದರದಿಂದ ಅಳೆದದ್ದು ತಪ್ಪೆಂದು ಇಯಾನ್ ಕ್ಯಾಸಲ್ಸ್ ಮತ್ತು ಡೇವಿಡ್ ಹೆಂಡರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಆಕ್ಷೇಪವೆತ್ತಿದಾಗ, ಉತ್ತರ ಹೇಳಬೇಕಾದವರೂ ಆಕ್ಷೇಪದ ಸತ್ಯಾಸತ್ಯವನ್ನು ವಿಚಾರಿಸಬೇಕಾದವರೂ ಒಬ್ಬರೇ ಆಗಿದ್ದರು. ಸಾಕ್ಷಿ ನುಡಿದವನೇ ಪೀಠವೇರಿ ತೀರ್ಪು ಕೊಟ್ಟರೆ, ತೀರ್ಪು ಎಷ್ಟೇ ಸರಿಯಾಗಿರಲಿ, ಅದನ್ನು ನಂಬುವವರು ಕಡಿಮೆ.

ಇನ್ನೊಂದು ತೊಡಕು ಕಾಲದ್ದು. ಮೊದಲು ಸಮಾಜದ ಕಥನ, ಅದರಿಂದ ಹೊಗೆಯ ಲೆಕ್ಕ, ಅದನ್ನು ಹಿಡಿದು ಹವಾ ಮಾದರಿಗಳ ಗಣನೆ, ಕಡೆಗೆ ಬೆಳೆ ಮತ್ತು ನೀರಿನ ಅಧ್ಯಯನ, ಹೀಗೆ ಒಬ್ಬರ ಕೆಲಸ ಮುಗಿದ ಮೇಲೆ ಇನ್ನೊಬ್ಬರು ಆರಂಭಿಸುವ ಕ್ರಮದಲ್ಲಿ ವರ್ಷಗಳೇ ಉರುಳಿ, ಕೊನೆಯವರ ಕೈಗೆ ಬರುವ ಹೊತ್ತಿಗೆ ಮೊದಲಿನವರ ಲೆಕ್ಕ ಹಳತಾಗಿರುತ್ತಿತ್ತು. ಆದಕಾರಣ 2006ರಲ್ಲಿ ಮಾರಿಷಸ್ಸಿನಲ್ಲಿ ಕೂಡಿದ ಸಮಿತಿಯು, ಇನ್ನು ಮುಂದೆ ಭವಿಷ್ಯಚಿತ್ರಗಳನ್ನು ತಾನು ಬರೆಸುವುದಿಲ್ಲ, ವಿಜ್ಞಾನಿಗಳ ಬಳಗವೇ ಬರೆಯಲಿ, ತಾನು ಅದಕ್ಕೆ ಪ್ರೇರಣೆಯನ್ನಷ್ಟೇ ಕೊಡುವೆನೆಂದು ನಿರ್ಧರಿಸಿತು. ಮರುವರ್ಷವೇ ಮಾದರಿಕಾರರು ತಮ್ಮದೇ ಒಕ್ಕೂಟವನ್ನು ಕಟ್ಟಿಕೊಂಡರು. ಆ ಸಮಿತಿಯ ಇತಿಹಾಸದಲ್ಲಿ ಇಷ್ಟು ವಿವೇಕದ ತೀರ್ಮಾನಗಳು ವಿರಳವೆಂದೇ ನನ್ನ ಭಾವನೆ.

ನೋರ್ಡ್‌ವೈಕರ್‌ಹೌಟಿನಲ್ಲಿ ನಡೆದದ್ದು ಈ ತೀರ್ಮಾನದ ಫಲ. ಸಮಾಜದ ಕಥನ ಮುಗಿಯುವವರೆಗೆ ಹವಾ ವಿಜ್ಞಾನಿಗಳು ಕಾಯುವುದೇಕೆ? ಶತಮಾನದ ಅಂತ್ಯಕ್ಕೆ ಭೂಮಿಯ ಪ್ರತಿ ಚದರ ಮೀಟರಿನಲ್ಲಿ, ಕೈಗಾರಿಕಾ ಯುಗಕ್ಕಿಂತ ಹಿಂದಿನ ಸ್ಥಿತಿಗೆ ಹೋಲಿಸಿದರೆ, ಎಷ್ಟು ವಾಟ್ ಶಕ್ತಿ ಅಧಿಕವಾಗಿ ಉಳಿಯುತ್ತದೆ ಎಂಬ ಒಂದು ಸಂಖ್ಯೆಯನ್ನು ಮೊದಲೇ ನಿಶ್ಚಯಿಸಿಬಿಟ್ಟರೆ, ಆ ಸಂಖ್ಯೆಯಿಂದ ತಾಪವನ್ನು ಗಣಿಸುವವರು ಒಂದು ಕಡೆ, ಆ ಸಂಖ್ಯೆಗೆ ಕೊಂಡೊಯ್ಯುವ ಸಮಾಜಗಳನ್ನು ಕಲ್ಪಿಸುವವರು ಇನ್ನೊಂದು ಕಡೆ, ಏಕಕಾಲದಲ್ಲಿ ದುಡಿಯಬಹುದಷ್ಟೆ. 8.5, 6.0, 4.5 ಇವು ಮೂರು ಹೆಚ್ಚು ಕಲಹವಿಲ್ಲದೆ ಒಪ್ಪಿತವಾದವು. ಎಲ್ಲಕ್ಕಿಂತ ಕೆಳಗಿನ ದಾರಿ ಯಾವುದಾಗಿರಬೇಕೆಂಬಲ್ಲಿ ವಾದ ಬೆಳೆಯಿತು.

2.9 ವಾಟ್ ಸಾಕೆಂದು ಒಂದು ಪಕ್ಷ, 2.6ಕ್ಕೆ ಇಳಿಯಬೇಕೆಂದು ಇನ್ನೊಂದು. ತಾಪದ ಏರಿಕೆಯನ್ನು ಎರಡು ಡಿಗ್ರಿಯೊಳಗೆ ಹಿಡಿಯಬೇಕೆನ್ನುವ ಸರ್ಕಾರಗಳಿಗೆ ಪ್ರಯೋಜನವಾಗುವುದು ಎರಡನೆಯದೇ. ಆದರೆ ಅಷ್ಟು ಕೆಳಗಿನ ಲೆಕ್ಕ ಡಚ್ಚರ ಇಮೇಜ್ ಎಂಬ ಮಾದರಿಯಿಂದ ಬಂದುದಾಗಿತ್ತು, ಬೇರೆ ಮಾದರಿಗಳಲ್ಲಿ ಅದು ನಿಲ್ಲುವುದೋ ಇಲ್ಲವೋ ಆಗಿನ್ನೂ ಗೊತ್ತಿರಲಿಲ್ಲ. ಒಂದೇ ಮಾದರಿಯ ಮಾತನ್ನು ನಂಬಿ ಲೋಕದ ಸಂಶೋಧನೆಯನ್ನೆಲ್ಲ ಆ ದಾರಿಗೆ ಹಚ್ಚುವುದು ಸರಿಯೆ? ಇತರ ತಂಡಗಳೂ ಪ್ರಯತ್ನಿಸಿ ನೋಡಲಿ, ಆ ಲೆಕ್ಕ ನಿಲ್ಲದಿದ್ದರೆ 2.9ಕ್ಕೆ ಮರಳೋಣವೆಂಬ ಷರತ್ತಿನ ಮೇಲೆ 2.6ನ್ನು ಆರಿಸಿ, ಪರೀಕ್ಷೆಗೆ ಸ್ಟ್ಯಾನ್‌ಫರ್ಡಿನ ಜಾನ್ ವೇಯಂಟ್ ಅವರ ನೇತೃತ್ವದಲ್ಲಿ ಒಂದು ಮಂಡಲಿಯನ್ನು ನೇಮಿಸಿದರು. 2009ರಲ್ಲಿ ಮಂಡಲಿಯು ಲೆಕ್ಕವು ತಾಂತ್ರಿಕವಾಗಿ ನಿಲ್ಲುತ್ತದೆಂದಿತು. ರಾಜಕೀಯವಾಗಿ ಅದು ನಡೆದೀತೆಂದು ಮಂಡಲಿ ಹೇಳಲಿಲ್ಲ. ಅದು ಅವರನ್ನು ಕೇಳಿದ ಪ್ರಶ್ನೆಯೂ ಆಗಿರಲಿಲ್ಲ.

ಆ 2.6ರ ಒಳಗೆ ಒಂದು ಸಂಗತಿ ಅಡಗಿತ್ತು. ಶತಮಾನದ ಉತ್ತರಾರ್ಧದಲ್ಲಿ ವಿಶಾಲವಾದ ಭೂಮಿಯಲ್ಲಿ ಇಂಧನದ ಬೆಳೆಗಳನ್ನು ಬೆಳೆದು, ಅವನ್ನು ಉರಿಸಿ ವಿದ್ಯುತ್ತು ಪಡೆದು, ಹೊರಬಂದ ಅನಿಲವನ್ನು ಹಿಡಿದು ನೆಲದಾಳದಲ್ಲಿ ಹೂಳುವುದೆಂಬ, ಅಂದಿಗೆ ಲೋಕದಲ್ಲಿ ಎಲ್ಲಿಯೂ ಅಷ್ಟು ದೊಡ್ಡ ಪ್ರಮಾಣದಲ್ಲಿ ನಡೆಯದಿದ್ದ ಉಪಾಯ ಆ ಲೆಕ್ಕಕ್ಕೆ ಆಧಾರವಾಗಿತ್ತು. ಮುಂದೆ ಕೆವಿನ್ ಆಂಡರ್ಸನ್ ಮತ್ತು ಗ್ಲೆನ್ ಪೀಟರ್ಸ್ 2016ರಲ್ಲಿ, ಇಂಥ ಭರವಸೆಯ ಮೇಲೆ ಇಂದಿನ ಹೊಗೆಯನ್ನು ಸಮರ್ಥಿಸುವುದು ಅಪಾಯದ ಪಣವೆಂದು ಎಚ್ಚರಿಸಿದರು. ಅವರ ಎಚ್ಚರಿಕೆ ಸಕಾರಣವಾದುದು. ಸಂಖ್ಯೆಯನ್ನು ಆರಿಸುವವರು ಅದರೊಡನೆ ಒಂದು ಉಪಾಯವನ್ನೂ ಆರಿಸಿರುತ್ತಾರೆ. ಆ ಉಪಾಯಕ್ಕೆ ಬೇಕಾದ ಹೊಲ ಯಾರದೆಂಬುದು ಸಮೀಕರಣದಲ್ಲಿ ಕಾಣುವುದಿಲ್ಲ.

ಮಾದರಿಕಾರರ ಮತ್ತು ಸಮಿತಿಯ ನಡುವಣ ಸಹಕಾರದ ನಿತ್ಯದ ಕೆಲಸ ಹೇಗಿರುತ್ತದೆಂಬುದನ್ನು ನೋಡಬೇಕಾದರೆ ವಿಯೆನ್ನಾದ ಬಳಿಯ ಲಾಕ್ಸೆನ್‌ಬುರ್ಗಿಗೆ ಹೋಗಬೇಕು. ಹ್ಯಾಬ್ಸ್‌ಬರ್ಗ್ ಅರಸರ ಅರಮನೆಯೊಂದರಲ್ಲಿ, 1972ರಲ್ಲಿ ಅಮೆರಿಕ ಮತ್ತು ಸೋವಿಯತ್ ಪಾಳೆಯಗಳ ವಿದ್ವಾಂಸರು ಒಟ್ಟಿಗೆ ಕೂರಲೆಂದು ಹುಟ್ಟಿದ ಐಐಎಎಸ್‌ಎ ಎಂಬ ಸಂಸ್ಥೆಯಿದೆ. ಲೋಕದ ನಾನಾ ಕಡೆಯ ತಂಡಗಳು ತಮ್ಮ ಭವಿಷ್ಯಚಿತ್ರಗಳನ್ನು ಕಳಿಸುವುದು ಅಲ್ಲಿಗೆ. ಕಡತದ ಪ್ರತಿ ಸಾಲಿನಲ್ಲೂ ಮಾದರಿಯ ಹೆಸರು, ಚಿತ್ರದ ಹೆಸರು, ಪ್ರದೇಶ, ಅಳೆದ ವಸ್ತು, ಮಾನ, ಅನಂತರ 2100ರವರೆಗಿನ ವರ್ಷಗಳ ಅಂಕಣಗಳು, ಇದೇ ಕ್ರಮದಲ್ಲಿ ಇರತಕ್ಕದ್ದು. ಒಂದು ತಂಡ ಇಂಗಾಲದ ತೂಕವನ್ನೂ ಇನ್ನೊಂದು ಡೈಆಕ್ಸೈಡಿನ ತೂಕವನ್ನೂ ಬರೆದರೆ ಅದೇ ಹೊಗೆ 3.67 ಪಟ್ಟು ವ್ಯತ್ಯಾಸವಾಗಿ ಕಾಣುವುದರಿಂದ, ಮಾನದ ಆ ಒಂದು ಅಂಕಣಕ್ಕಾಗಿಯೇ ಪತ್ರವ್ಯವಹಾರ ನಡೆಯುವುದುಂಟು. ಬಳಿಕ ಪರಿಶೀಲನೆ: ಇಂಧನ ಮತ್ತು ಕೈಗಾರಿಕೆಗಳಿಂದ 2019ರಲ್ಲಿ ಲೋಕವು ಹೊರಸೂಸಿದ ಡೈಆಕ್ಸೈಡನ್ನು ವಾಸ್ತವಕ್ಕಿಂತ ಶೇಕಡ 20ರಷ್ಟು ಹೆಚ್ಚಾಗಿಯೋ ಕಡಿಮೆಯಾಗಿಯೋ ತೋರಿಸಿದ ಚಿತ್ರ, ಅದರ ಭವಿಷ್ಯ ಎಷ್ಟೇ ಸುಂದರವಾಗಿರಲಿ, ಹೊರಗೆ. ಐಪಿಸಿಸಿಯ ಆರನೆಯ ಮೌಲ್ಯಮಾಪನ ವರದಿಗೆಂದು ಬಂದ 3131 ಚಿತ್ರಗಳಲ್ಲಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾದವು 1686. ತಾಪವನ್ನು ಗಣಿಸಲು ಬೇಕಾದಷ್ಟು ವಿವರವಿದ್ದವು 1202. ಒಂದೂವರೆ ಡಿಗ್ರಿಯನ್ನು ಮೀರದೆ ಅಥವಾ ಅಲ್ಪವಾಗಿ ಮಾತ್ರ ಮೀರಿ ಹಿಂದಿರುಗುವವು 97.

ಕಾಲದ ಒತ್ತಡವೂ ಸಣ್ಣದಲ್ಲ. 2015ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಕೂಡಿದ ಸರ್ಕಾರಗಳು ಒಂದೂವರೆ ಡಿಗ್ರಿಯ ಬಗ್ಗೆ 2018ರಲ್ಲಿ ವರದಿ ಬೇಕೆಂದು ಕೇಳಿದಾಗ, ಅಷ್ಟು ಕೆಳಗಿನ ಗುರಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದ ಮಾದರಿಗಳು ಬೆರಳೆಣಿಕೆಯವು. ಆರು ತಂಡಗಳು ತಮ್ಮ ಮಾದರಿಗಳನ್ನು 1.9 ವಾಟಿಗೆ ಇಳಿಸಿ, ಫಲಿತಾಂಶವನ್ನು ಪ್ರಕಟಿಸಿ, ಸಮಿತಿಯು ಅದನ್ನು ಪರಿಶೀಲಿಸಿ, 2018ರ ಅಕ್ಟೋಬರಿನಲ್ಲಿ ವರದಿ ದಕ್ಷಿಣ ಕೊರಿಯದ ಇಂಚಿಯಾನಿನಲ್ಲಿ ಅಂಗೀಕೃತವಾಯಿತು. ಆ ಅವಧಿಯೊಳಗೆ ಲೆಕ್ಕ ಮುಗಿಸಿ ಕೊಡಬಲ್ಲ ತಂಡಗಳು ಬಹುಮಟ್ಟಿಗೆ ಧನಿಕ ರಾಷ್ಟ್ರಗಳಲ್ಲಿದ್ದವು. ಸಾಧ್ಯವಾದ ನಾಳೆಗಳ ಪಟ್ಟಿ ಸಿದ್ಧವಾದದ್ದೂ ಅಲ್ಲಿಯೇ.

ಇದರ ಪರಿಣಾಮವನ್ನು ಎತ್ತಿ ತೋರಿಸಿದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ತೇಜಲ್ ಕಾನಿಟ್ಕರ್ ಅವರು ಟಿ. ಜಯರಾಮನ್ ಮೊದಲಾದವರೊಡನೆ ಸೇರಿ, ಆರನೆಯ ವರದಿಯ ಉಪಶಮನದ ಚಿತ್ರಗಳನ್ನು ಪ್ರದೇಶವಾರಾಗಿ ಬಿಡಿಸಿ ನೋಡಿದಾಗ, 2050ರಲ್ಲಿಯೂ ದಕ್ಷಿಣ ಏಷ್ಯ ಮತ್ತು ಸಹಾರಾದ ದಕ್ಷಿಣದ ಆಫ್ರಿಕಗಳ ತಲಾ ಆದಾಯವು ಲೋಕದ ಸರಾಸರಿಗಿಂತ ಕೆಳಗೇ ಉಳಿಯುವುದೆಂದು ಆ ಚಿತ್ರಗಳು ಭಾವಿಸಿಕೊಂಡಿರುವುದು ಕಂಡುಬಂತು. ಯಾರೋ ದುರುದ್ದೇಶದಿಂದ ಹೀಗೆ ಮಾಡಿದರೆಂದಲ್ಲ. ಕಡಿಮೆ ಖರ್ಚಿನ ದಾರಿಯನ್ನು ಹುಡುಕೆಂದು ಮಾದರಿಗೆ ಹೇಳಿದರೆ, ಬಡವನ ಬಡತನವನ್ನು ನೀಗಿಸೆಂದು ಅದಕ್ಕೆ ಹೇಳಿದಂತಾಗುವುದಿಲ್ಲ. ಬಹುಪಾಲು ಚಿತ್ರಗಳು ಜಾಗತಿಕ ಸಮಾನತೆಯ ಬಗ್ಗೆ ಸ್ಪಷ್ಟವಾದ ಯಾವ ಊಹೆಯನ್ನೂ ಇಟ್ಟುಕೊಂಡಿಲ್ಲವೆಂದು ವರದಿಯ ಸಾರಾಂಶವೇ ಒಪ್ಪಿಕೊಂಡಿದೆ.

ಬರೆಯುವವರನ್ನೂ ತೂಗುವವರನ್ನೂ ಬೇರೆ ಮಾಡಿದ್ದು ಸರಿ. ಆದರೆ ಬರೆಯುವವರು ಯಾರೆಂಬುದನ್ನು ಬಳಗಕ್ಕೇ ಬಿಟ್ಟದ್ದರಿಂದ, ಬಳಗದೊಳಗೆ ಇಲ್ಲದವರ ಪ್ರಶ್ನೆಗಳು ಬರವಣಿಗೆಯಲ್ಲಿಯೂ ಇಲ್ಲವಾದವು. ತೂಗುವವನು ತಕ್ಕಡಿಗೆ ಬಂದುದನ್ನು ಮಾತ್ರ ತೂಗಬಲ್ಲ. ಭವಿಷ್ಯಚಿತ್ರಗಳ ಬಳಕೆಯನ್ನು ಮರುಪರಿಶೀಲಿಸಲು ಸಮಿತಿಯು 2023ರ ಏಪ್ರಿಲಿನಲ್ಲಿ ಬ್ಯಾಂಕಾಕಿನಲ್ಲಿ ಕಾರ್ಯಾಗಾರ ನಡೆಸಿತು. ಏಳನೆಯ ವರದಿಯ ಕೆಲಸ ಇದೀಗ ನಡೆಯುತ್ತಿದೆ. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಗಣಿತ ಬಲ್ಲವರಿದ್ದಾರೆ, ಅರ್ಥಶಾಸ್ತ್ರ ಬಲ್ಲವರಿದ್ದಾರೆ, ಮಳೆಯಾಶ್ರಿತ ಹೊಲದ ಕಷ್ಟ ಬಲ್ಲವರಿದ್ದಾರೆ. ಈ ಮೂವರನ್ನು ಒಂದು ಮೇಜಿನ ಸುತ್ತ ಕೂರಿಸುವ ವಿಭಾಗಗಳು ತೀರ ವಿರಳ. ಅಂಥವನ್ನು ಕಟ್ಟುವುದು ಸರ್ಕಾರದ ಮತ್ತು ವಿದ್ಯಾಸಂಸ್ಥೆಗಳ ಹೊಣೆ. ಅದುವರೆಗೆ ಕಾಯಲೊಲ್ಲದ ತರುಣ ತರುಣಿಯರಿಗೆ ಒಂದು ಮಾತು: ಲಾಕ್ಸೆನ್‌ಬುರ್ಗಿನ ಆ ಕಡತಗಳು ಗುಟ್ಟಿನವಲ್ಲ, ಅಂತರಜಾಲದಲ್ಲಿ ಯಾರು ಬೇಕಾದರೂ ತೆರೆದು, ಭಾರತವನ್ನೊಳಗೊಂಡ ಪ್ರದೇಶದ ಸಾಲುಗಳನ್ನು ಓದಿ, ಲೆಕ್ಕವನ್ನು ಪ್ರಶ್ನಿಸಬಹುದು.